ಪನ್ನ ಹೆಚ್ಚಾದ ಹಾಡು

ಮನುಷ್ಯನ ಆತ್ಮಜ್ಞಾನಕ್ಕೆ ಇರುವ ದಾರಿಗಳಲ್ಲಿ, ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳಿಸಿಕೊಳ್ಳುವುದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ. ಅಹಂಕಾರ ಕರಗುತ್ತದೆ, ಭ್ರಮೆ ಹರಿಯುತ್ತದೆ, ನಾವು ಯಾರೆಂಬುದು ನಮಗೇ ಗೊತ್ತಾಗುತ್ತದೆ. ನನಗೂ ಗೊತ್ತಾಯಿತು. ಗೊತ್ತಾದ ಅರ್ಧ ನಿಮಿಷಕ್ಕೆ ಮೈಕು ಸರಿಯಿಲ್ಲವೆಂದು ತೀರ್ಮಾನಿಸಿ ಬೇರೆ ಮೈಕು ತರಿಸಿದೆ. ಅದೂ ಸರಿಯಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಹಾಡುವ ಕೆಲಸ ಪೂರ್ತಿಯಾಗಿ ನನ್ನ ಹೆಂಡತಿ ಗಿರಿಜಳದು. ನನ್ನದು ಹಾರ್ಮೋನಿಯಂ, ಮತ್ತು ಉಳಿದ ಎಲ್ಲದರ ಬಗ್ಗೆ ಅಭಿಪ್ರಾಯ.

ಇದೆಲ್ಲ ನೆನಪಾಗಲು ಕಾರಣ ಒಂದು ಹೆಡ್‌ಫೋನು. ನಮ್ಮ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಮೀಟರ್ ಕಡ್ಡಿ ತೂಗುಹಾಕುವ ಮೊಳೆಯ ಪಕ್ಕದ ಮೊಳೆಗೆ ಅದು ನೇತುಬಿದ್ದಿರುತ್ತದೆ. ಮೊನ್ನೆ ಹಳೇಕೋಟೆಯ ಕಡೆಯಿಂದ ಬಂದ ಗಿರಾಕಿಯೊಬ್ಬ ಮಫ್ಲರು ನೋಡುತ್ತಿದ್ದವನು ಅದರ ಕಡೆ ಕೈ ತೋರಿಸಿ, “ಅದು ಕಿವಿಗ್ ಆಕ್ಕಳದಾ ಸಾ? ಬೆಚ್ಚಗಿರ್ತದಾ?” ಎಂದು ಕೇಳಿದ. ಇರುತ್ತದೆ ಎಂದೆ. ಸುಳ್ಳೇನಲ್ಲ. ಒಂದು ಮಧ್ಯಾಹ್ನವೆಲ್ಲ ಹಾಕಿಕೊಂಡು ಕೂತರೆ ಕಿವಿ ಹಪ್ಪಳದ ಹಾಗೆ ಕಾಯುತ್ತದೆ.

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನಮ್ಮದು ಮೂರು ತಲೆಮಾರಿನ ಅಂಗಡಿ. ತಾತ ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಿಗೆ ಬಟ್ಟೆಯ ಗಂಟು ಹೊತ್ತುಕೊಂಡು ಹೋಗುತ್ತಿದ್ದರಂತೆ. ಅಪ್ಪ ಗಂಟು ಇಳಿಸಿ ಅಂಗಡಿ ಮಾಡಿದರು. ಮುಂದೆ ಅಂಗಡಿ, ಹಿಂದೆ ಮನೆ, ಎರಡರ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಅದಕ್ಕೆ ಕಂಬಳಿ ಕೋಣೆ ಎಂದೇ ಹೆಸರು. ಚಳಿಗಾಲದ ಸರಕೆಲ್ಲ ಅಲ್ಲಿ ಅಟ್ಟ ಮುಟ್ಟುವ ಹಾಗೆ ಪೇರಿಸಿರುತ್ತದೆ. ಚಿಕ್ಕಂದಿನಲ್ಲಿ ನಾನು ಲೆಕ್ಕ ತಪ್ಪಿದಾಗ, ಹಾಲು ಚೆಲ್ಲಿದಾಗ, ಅಥವಾ ಸುಮ್ಮನೆ ಲೋಕದ ಮೇಲೆ ಬೇಸರ ಬಂದಾಗ ಆ ಕಂಬಳಿಗಳ ಸಂದಿಗೆ ಸೇರಿಕೊಳ್ಳುತ್ತಿದ್ದೆ. ಅಪ್ಪ ಅಂಗಡಿಯಿಂದ ಕೂಗಿದರೆ ಅವರು ಪಕ್ಕದ ಊರಿನಿಂದ ಕೂಗಿದ ಹಾಗೆ ಕೇಳಿಸುತ್ತಿತ್ತು. ಉಣ್ಣೆಯ ಘಾಟು, ನುಸಿಗುಳಿಗೆಯ ವಾಸನೆ, ಮತ್ತು ಬೈಗುಳ ಒಳಗೆ ಬಾರದಂಥ ಒಂದು ದಪ್ಪ ಮೌನ. ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಇಡೀ ಹಾಸನ ಜಿಲ್ಲೆಯಲ್ಲಿ ಇರಲಾರದೆಂದು ನನಗೆ ಹೊಳೆಯುವುದಕ್ಕೆ ಐವತ್ತು ವರ್ಷ ಬೇಕಾಯಿತು.

ಅಪ್ಪನ ಕಿವಿಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅವರು ಬಟ್ಟೆಯನ್ನು ಕಣ್ಣಿನಿಂದ ನೋಡುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ. ನಿಜವಾಗಿ ನೋಡುತ್ತಿದ್ದುದು ಕಿವಿಯಿಂದ. ಥಾನಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಒಂದು ಗೇಣು ಹರಿದು, ತಲೆ ಓರೆಮಾಡಿ ಕೇಳುತ್ತಿದ್ದರು. ಒಳ್ಳೆಯ ನೂಲು ಒಂದೇ ದನಿಯಲ್ಲಿ ಹರಿಯುತ್ತದಂತೆ. ಗಂಜಿ ಹೆಚ್ಚಾದ ಬಟ್ಟೆ ಕಾಗದದ ಹಾಗೆ ಚಟಪಟ ಅನ್ನುತ್ತದಂತೆ. “ಗಂಜಿ ಕುಡಿದವ್ನೆ ಇವ್ನು,” ಎಂದು ಥಾನನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ನನಗೆ ಆ ಕಿವಿ ಬರಲಿಲ್ಲ. ಬಂದದ್ದು ತಲೆ ಓರೆಮಾಡುವ ಭಂಗಿ ಮಾತ್ರ. ಗಿರಾಕಿಗಳು ಅದಕ್ಕೂ ಮರ್ಯಾದೆ ಕೊಡುತ್ತಾರೆ.

ಇನ್ನು ಹಾರ್ಮೋನಿಯಂ. ಸೋಮವಾರದ ಭಜನೆಯಲ್ಲಿ ತಿದಿ ಒತ್ತುವ ತಾಳ್ಮೆ ಬೇರೆ ಯಾರಿಗೂ ಇಲ್ಲದ್ದರಿಂದ ಅದು ನನ್ನ ಪಾಲಿಗೆ ಬಂತು. ಹುಡುಗಾಟದ ದಿನಗಳಿಂದ ಇವತ್ತಿನವರೆಗೆ ಬಾರಿಸಿದ್ದೇನೆ. ಒಬ್ಬರೂ ಹೊಗಳಿಲ್ಲ, ಒಬ್ಬರೂ ಬೈದಿಲ್ಲ. ಹಾಡುವವರ ಹಿಂದೆ ಹಾರ್ಮೋನಿಯಂನವನು ಮದುವೆಮನೆಯಲ್ಲಿ ನೀರು ಬಡಿಸುವವನ ಹಾಗೆ. ಅವನು ಬಂದಿದ್ದನೆಂದು ಯಾರಿಗೂ ನೆನಪಿರುವುದಿಲ್ಲ. ಬಾರದಿದ್ದರೆ ಮಾತ್ರ ಕೂಗುತ್ತಾರೆ. ಈ ಸ್ಥಾನ ನನಗೆ ಒಗ್ಗಿತ್ತು.

ಗಿರಿಜಳ ವಿಷಯ ಹಾಗಲ್ಲ. ಅವಳು ಅರಕಲಗೂಡಿನ ಕಡೆಯವಳು. ಅವಳ ಸೋದರಮಾವ ರುದ್ರಪಟ್ಟಣದಲ್ಲಿ ಶಾಲೆಯ ಮೇಷ್ಟರಾಗಿದ್ದರು. ಅವಳನ್ನು ಅಲ್ಲೇ ಇಟ್ಟುಕೊಂಡು ಓದಿಸಿದರು. ಆ ಊರಿನಲ್ಲಿ ಸಂಗೀತ ಕಲಿಯದೆ ಇರುವುದಕ್ಕೆ ವಿಶೇಷ ಪ್ರಯತ್ನ ಬೇಕು. ಗಿರಿಜ ಪ್ರಯತ್ನ ಪಡಲಿಲ್ಲ. ಸಂಜೆಯ ಹೊತ್ತು ಸಾವಿತ್ರಮ್ಮ ಟೀಚರ ಮನೆಯ ನಡುಮನೆಯಲ್ಲಿ ಕೂತು ದೇವರನಾಮಗಳನ್ನು ಕಲಿತಳು. ಆರನೆಯದನ್ನು ಕಲಿಯುತ್ತಿರುವಾಗ ನಾನು ಹೆಣ್ಣು ನೋಡಲು ಹೋದೆ. ಪಾಠ ಅಲ್ಲಿಗೆ ನಿಂತಿತು. ಆಮೇಲಿನ ಸಂಗೀತವೆಲ್ಲ ಅಡಿಗೆಮನೆಯಲ್ಲಿ, ಕುಕ್ಕರಿನ ಸೀಟಿಯ ನಡುವೆ.

ಆದರೂ ವರ್ಷಕ್ಕೊಮ್ಮೆ ಗೌರಿಹಬ್ಬದ ಆಸುಪಾಸಿನಲ್ಲಿ ಟೀಚರಿಗೊಂದು ಸೀರೆ ತೆಗೆದುಕೊಂಡು ಹೋಗುವುದನ್ನು ಅವಳು ತಪ್ಪಿಸಿಲ್ಲ. ಸೀರೆ ನಮ್ಮ ಅಂಗಡಿಯದೇ ಆದ್ದರಿಂದ ನಾನೂ ಜೊತೆಯಲ್ಲಿರುತ್ತೇನೆ. ಅಲ್ಲಿ ನಡೆಯುವುದು ಪ್ರತಿವರ್ಷವೂ ಒಂದೇ. ಹಾಡ್ತಿದೀಯೇನೇ ಎಂದು ಟೀಚರು ಕೇಳುತ್ತಾರೆ. ಹಾಡ್ತಿದೀನಿ ಟೀಚರ್ ಎಂದು ಇವಳು. ಎಲ್ಲಿ ಒಂದು ಹೇಳು ಎನ್ನುತ್ತಾರೆ. ಕೂಡಲೇ ಇವಳಿಗೆ ಕೆಮ್ಮು ಬರುತ್ತದೆ. ಗಂಟಲು ಸರಿಯಿಲ್ಲ ಟೀಚರ್, ಬಸ್ಸಿನ ಧೂಳು. ಆ ಮನೆಯ ಹೊಸಿಲು ದಾಟಿದರೆ ಅವಳಿಗೆ ಈಗಲೂ ಹನ್ನೆರಡು ವರ್ಷ. ಬೆನ್ನು ನೆಟ್ಟಗಾಗುತ್ತದೆ, ಸೆರಗು ಬಿಗಿಯಾಗುತ್ತದೆ. ವರ್ಷವಿಡೀ ಕಂಚಿನ ಗಂಟೆಯಂತಿರುವ ಗಂಟಲು ಆ ಒಂದು ದಿನ ಕೆಡುವುದನ್ನು ನಾನು ಮದುವೆಯಾದ ವರ್ಷದಿಂದ ನೋಡುತ್ತ ಬಂದಿದ್ದೇನೆ.

ಹಿಂದಿನ ವರ್ಷ ಹೋದಾಗ ಟೀಚರ ಒಂದು ಕಿವಿ ಪೂರ್ತಿ ಹೋಗಿತ್ತು. ಇನ್ನೊಂದು ಹೊರಡುವ ಸಿದ್ಧತೆಯಲ್ಲಿತ್ತು. ಗಿರಿಜ ಎಂದಿನಂತೆ ಕೆಮ್ಮಿದಳು. ಟೀಚರು ನಕ್ಕು, “ಮುಂದಿನ ಸಲ ನೀನು ಬರೋ ಹೊತ್ತಿಗೆ ಗಂಟಲು ಸರಿಯಾಗಿರುತ್ತೆ. ನನ್ನ ಕಿವಿ ಇರಲ್ಲ ಕಣೇ,” ಎಂದರು. ದೂರಲಿಲ್ಲ, ಕೊರಗಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದರು.

ವಾಪಸು ಬರುವಾಗ ಗಿರಿಜ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮನೆಯ ಬೀಗ ತೆಗೆಯುವಾಗ ಹೇಳಿದಳು: “ಹೇಳಿಕೊಟ್ಟವರೇ ಕೇಳದೆ ಹೋದ್ರೆ ನಾನು ಕಲ್ತಿದ್ದು ಯಾಕ್ರೀ?”

ನಾನು ವ್ಯಾಪಾರಸ್ಥ. ಗಿರಾಕಿ ಅಂಗಡಿಗೆ ಬರಲಾಗದಿದ್ದರೆ ಸರಕನ್ನು ಗಿರಾಕಿಯ ಮನೆಗೆ ಕಳಿಸುವುದು ನಮ್ಮ ಪದ್ಧತಿ. ಟೀಚರ ಎದುರು ಗಂಟಲು ಕಟ್ಟುವುದಾದರೆ ಟೀಚರಿಲ್ಲದ ಕಡೆ ಹಾಡಿ, ಅದನ್ನು ಡಬ್ಬಿಗೆ ತುಂಬಿ, ಅವರ ಕಿವಿ ಹೋಗುವುದರೊಳಗೆ ಅವರ ಕೈಗಿಟ್ಟರಾಯಿತು. ಹೀಗೆಂದು ನಾನು ಗಂಭೀರವಾಗಿ ಪ್ರಕಟಿಸಿದೆ. ಬಿಲ್ಲು ಹಾಕುವುದಕ್ಕೆಂದು ತಂದ ಕಂಪ್ಯೂಟರು ಅಂಗಡಿಯಲ್ಲಿತ್ತು. ಕಂಬಳಿ ಕೋಣೆಯಿತ್ತು. ಇಂಟರ್ನೆಟ್ಟಿನಲ್ಲಿ ಪಾಠ ಹೇಳುವ ಹುರುಪಿನ ತರುಣರು ಬೇಕಾದಷ್ಟಿದ್ದರು. ತಬಲಕ್ಕೂ ಯಂತ್ರವೇ ಸಿಕ್ಕಿತು. ಎಲೆಅಡಿಕೆಗೆಂದು ನಡುವೆ ಎದ್ದು ಹೋಗದ ತಬಲದವನನ್ನು ನಾನು ಕಂಡದ್ದು ಅದೇ ಮೊದಲು.

ದನಿ ಹಿಡಿದಿಡುವ ಯಂತ್ರ ನಮ್ಮ ಮನೆಗೆ ಹೊಸದೇನಲ್ಲ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಚನ್ನರಾಯಪಟ್ಟಣದ ಚಿಕ್ಕಪ್ಪ ಒಂದು ಟೇಪ್‌ರೆಕಾರ್ಡರು ಹೊತ್ತು ತಂದು, ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿ, ಏನಾದರೂ ಮಾತಾಡಿ ಎಂದಿದ್ದರು. ಎಲ್ಲರೂ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗೆ ಶುದ್ಧ ಕನ್ನಡದಲ್ಲಿ ಮಾತಾಡಿದರು. ಅಜ್ಜಿ ಮಾತ್ರ ಹೆಸರುಬೇಳೆ ಆರಿಸುತ್ತ ಎಂದಿನಂತೆ ಯಾರನ್ನೋ ಬೈಯುತ್ತಿದ್ದರು. ತಿರುಗಿ ಹಾಕಿದಾಗ ಅಜ್ಜಿ ಮೊರ ಕೆಳಗಿಟ್ಟು ಕೇಳಿದರು. ಆಮೇಲೆ, “ಅಯ್ಯೋ, ಇದು ನಮ್ಮತ್ತೆ ದನಿ ಕಣ್ರೋ. ಸತ್ತು ಇಷ್ಟು ವರ್ಷ ಆಯ್ತು, ಯಾವಾಗ ಇಡಕಂಡ್ರಿ?” ಎಂದರು. ಅದು ನಿಮ್ಮದೇ ದನಿ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅಂದು ಸಂಜೆಯವರೆಗೂ ಅವರು ಯಾರನ್ನೂ ಬೈಯಲಿಲ್ಲವೆಂದು ಅಮ್ಮ ಹೇಳುತ್ತಿದ್ದರು.

ರೆಕಾರ್ಡಿಂಗಿಗೆ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದ ಹೊತ್ತೇ ಸರಿ. ಬೀದಿ ಊಟಕ್ಕೆ ಹೋಗಿರುತ್ತದೆ. ಗಿರಿಜ ಕಂಬಳಿಗಳಿಗೆ ಎದುರಾಗಿ ಮಣೆಯ ಮೇಲೆ ಕೂತು, ಶ್ರುತಿ ಮತ್ತು ತಬಲ ಕೇಳಿಕೊಂಡು ಹಾಡುತ್ತಿದ್ದಳು. ನಮ್ಮ ಹಾರ್ಮೋನಿಯಂನ ತಿದಿ ಕಿರುಗುಟ್ಟುವುದರಿಂದ ನನಗೆ ಆಗ ಒಳಗೆ ಪ್ರವೇಶವಿಲ್ಲ. ಅವಳು ಹಾಡಿ ಮುಗಿಸಿದ ಮೇಲೆ ನಾನು ಹೆಡ್‌ಫೋನಿನಲ್ಲಿ ಅವಳ ದನಿ ಕೇಳುತ್ತ, ಅವಳು ಹೋದಲ್ಲಿ ಹೋಗಿ, ನಿಂತಲ್ಲಿ ನಿಂತು, ಬೇರೆಯಾಗಿ ಬಾರಿಸಿ ಸೇರಿಸುವುದು. ಕಂಬಳಿಗಳ ಎದುರು ಅವಳಿಗೆ ಒಮ್ಮೆಯೂ ಕೆಮ್ಮು ಬರಲಿಲ್ಲ.

ಮೂರು ಹಾಡು ಮುಗಿಯುವ ಹೊತ್ತಿಗೆ ಚಳಿ ಬಂತು. ಚಳಿ ಬಂದರೆ ಕಂಬಳಿಗೆ ಗಿರಾಕಿ ಬರುತ್ತಾರೆ ಎಂಬ ಸಂಗತಿ ಮೂರು ತಲೆಮಾರಿನ ಜವಳಿ ವ್ಯಾಪಾರಿಗೆ ಹೊಳೆದಿರಲಿಲ್ಲ. ನಾಲ್ಕನೆಯ ಹಾಡು ಕೇಳಿದರೆ ಬಚ್ಚಲುಮನೆಯಲ್ಲಿ ಹಾಡಿದ ಹಾಗಿತ್ತು. ಹೋಗಿ ನೋಡಿದೆ. ಒಂದು ಗೋಡೆಯ ಕಂಬಳಿ ಖಾಲಿ. ತಕ್ಷಣ ಕಂಬಳಿ ಮಾರಾಟ ನಿಲ್ಲಿಸಿದೆ. ಮಾರನೆಯ ದಿನವೇ ಹರದನಹಳ್ಳಿಯವನೊಬ್ಬ ಬಂದು, ಮನೆ ತುಂಬ ನೆಂಟರು ಬರುತ್ತಿದ್ದಾರೆ, ಕಂಬಳಿ ಕೊಡಿ ಎಂದ. ಸ್ಟಾಕಿಲ್ಲ ಎಂದೆ. ಅವನು ನನ್ನ ಹೆಗಲ ಮೇಲಿಂದ ಒಳಗೆ ನೋಡಿದ.

“ಅಟ್ಟದ್ಮಟ್ಟ ಅವಲ್ಲ ಸಾ, ಅಲ್ಲಿ?”

“ಅವು ಕೊಡೋವಲ್ಲ. ಕೆಲಸಕ್ಕೆ ಇಟ್ಟಿರೋವು.”

ಅವನು ಸ್ವಲ್ಪ ಯೋಚಿಸಿದ. “ಒದ್ಕಳದ್ ಬುಟ್ಟು ಕಂಬ್ಳಿಗ್ ಇನ್ನೇನ್ ಸಾ ಕೆಲ್ಸ?”

ಧ್ವನಿಶಾಸ್ತ್ರವನ್ನು ಅವನಿಗೆ ಎಲ್ಲಿಂದ ಶುರುಮಾಡಿ ವಿವರಿಸಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಿಜ ಒಳಗಿನಿಂದ ಬಂದು ಅವನಿಗೆ ಬೇಕಾದಷ್ಟು ಕಂಬಳಿ ಎತ್ತಿ ಕೊಟ್ಟಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, “ಚಳಿ ಅಂತ ಬಂದವರನ್ನ ವಾಪಸ್ ಕಳಿಸಿ ದೇವರನಾಮ ಹಾಡೋಕಾಗುತ್ತೇನ್ರೀ?” ಎಂದಳು. ಹೀಗಾಗಿ ಐದನೆಯ ಹಾಡಿಗೆ ಬೆಡ್‌ಶೀಟುಗಳ ಬಂಡಲು, ಆರನೆಯದಕ್ಕೆ ಟವೆಲು ಮತ್ತು ಲುಂಗಿ.

ಇಲ್ಲಿಂದ ಮಾಸ್ಟರಿಂಗ್ ಎಂಬ ಅಧ್ಯಾಯ. ಓದುಗರು ಹೆದರಬಾರದು. ಹಾಡುವುದು ನೂಲು ತೆಗೆದ ಹಾಗೆ. ದನಿ, ತಬಲ, ಹಾರ್ಮೋನಿಯಂ ಸೇರಿಸುವುದು ನೇಯ್ದ ಹಾಗೆ. ಮಾಸ್ಟರಿಂಗ್ ಎಂದರೆ ನೇಯ್ದ ಬಟ್ಟೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಚಿ, ಆರೂ ಒಂದೇ ಥಾನಿನಿಂದ ಕತ್ತರಿಸಿದಂತೆ ಕಾಣಿಸುವುದು. ಒಂದು ಹಾಡು ಕೂಗಿ, ಇನ್ನೊಂದು ಪಿಸುಗುಟ್ಟಬಾರದು. ಒಂದು ಕಂಬಳಿಯೊಳಗಿಂದ, ಇನ್ನೊಂದು ಬಚ್ಚಲಿನಿಂದ ಬರಬಾರದು. ಯಾವ ಸ್ಪೀಕರಿನ ಪೆಟ್ಟಿಗೆಯಲ್ಲಿ ಹಾಕಿದರೂ ಚೆನ್ನಾಗಿ ಕೇಳಬೇಕು. ಈ ಕೊನೆಯ ಮಾತನ್ನು ಇಂಟರ್ನೆಟ್ಟಿನ ತರುಣ ಮೂರು ಸಲ ಹೇಳಿದ್ದ. ನಾನು ಮೂರು ಸಲವೂ ತಲೆಯಾಡಿಸಿದ್ದೆ.

ಮೊದಲ ವಾರ ಗಂಜಿ ಹೆಚ್ಚು ಹಾಕಿದೆ. ದನಿಯನ್ನು ಒತ್ತಿ ಒತ್ತಿ ಜೋರು ಮಾಡುವ ಒಂದು ತಿರುಪಿದೆ. ತಿರುಗಿಸುವುದು ಬಲು ಸುಲಭ. ಗಿರಿಜ ಕೇಳಿ, ನಾನು ಯಾರ ಜೊತೆಗಾದರೂ ಜಗಳ ಆಡ್ತಿದೀನಾ ಎಂದಳು. ಕಡಿಮೆ ಮಾಡಿದೆ. ಬಚ್ಚಲಿನ ಗುಂಯ್ ಅನ್ನುವುದನ್ನು ಬಲು ಕಷ್ಟಪಟ್ಟು ತೆಗೆದೆ; ಜೊತೆಯಲ್ಲಿ ಅವಳ ಉಸಿರೂ ಹೋಯಿತು. ಉಸಿರನ್ನು ಹುಡುಕಿ ತಂದು ವಾಪಸು ಇಟ್ಟೆ. ಹೀಗೆ ಕೆಲಸ ನಡೆದಿರುವಾಗ ತರುಣ ಮತ್ತೊಂದು ಅಪ್ಪಣೆ ಕೊಡಿಸಿದ: ಮಾಡಿದ್ದನ್ನು ಕಾರಿನಲ್ಲಿ ಹಾಕಿ ಕೇಳಬೇಕು. ದೊಡ್ಡ ದೊಡ್ಡವರೆಲ್ಲ ಹಾಗೇ ಮಾಡುತ್ತಾರಂತೆ.

ನಮಗೆ ಕಾರಿಲ್ಲ. ಸ್ಕೂಟರಿದೆ, ಅದರ ಹಾರ್ನು ಕೂಡ ಕೇಳಿಸುವುದಿಲ್ಲ. ಆದರೆ ಹಾಸನಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು ರಾಜಣ್ಣ ನಮ್ಮ ಖಾಯಂ ಗಿರಾಕಿ. ಬೆಳಗಿನ ಟ್ರಿಪ್ಪಿನಲ್ಲಿ ಅವನು ಹೇಗೂ ಭಕ್ತಿಗೀತೆ ಹಾಕುತ್ತಾನೆ. ಪೆನ್‌ಡ್ರೈವ್ ಕೊಟ್ಟು, ಹಾಡಿದವರು ಯಾರೆಂದು ಯಾರಿಗೂ ಹೇಳಬೇಡ ಎಂದು ತಾಕೀತು ಮಾಡಿ, ನಾನು ನಡುವಿನ ಸೀಟಿನಲ್ಲಿ ಅಪರಿಚಿತನಂತೆ ಕೂತೆ. ಅರ್ಧ ಬಸ್ಸು ನಮ್ಮ ಗಿರಾಕಿಗಳೇ ಆದ್ದರಿಂದ ಅಪರಿಚಿತನಾಗಿರುವುದು ಸುಲಭವಾಗಲಿಲ್ಲ.

ಮೊದಲ ಹಾಡಿಗೆ ಯಾರೂ ಏನೂ ಅನ್ನಲಿಲ್ಲ. ಎರಡನೆಯದಕ್ಕೆ ಮುಂದಿನ ಸೀಟಿನ ಮುದುಕಿ ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಗೊರಕೆ ಕೇಳಿಸಿತು. ಮೂರನೆಯದಕ್ಕೆ ಕಾಲೇಜಿನ ಹುಡುಗರು ಬೇರೆ ಹಾಕಣ್ಣ ಎಂದು ಗೋಗರೆದರು. ರಾಜಣ್ಣ ಜಗ್ಗಲಿಲ್ಲ. ಹಾಸನದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ, ಸ್ಟೇರಿಂಗಿನ ಮೇಲೆ ಕೈಯೂರಿ ತೀರ್ಪು ಕೊಟ್ಟ.

“ಚೆಂದಾಗದೆ ಸಾ. ಆದ್ರೆ ಆರ್ಮೋನಿ ಪೆಟ್ಗೆ ಸವುಂಡು ಮುಂದ್ಲು ಸೀಟಲ್ಲದೆ, ಅಮ್ಮೋರು ಇಂದ್ಲು ಸೀಟಲ್ ಕುಂತು ಆಡ್ದಂಗದೆ.” ಆಮೇಲೆ, “ಪೆಟ್ಗೆ ಬಾರ್ಸಿರೋರು ಯಾರೋ ಗೊತ್ತಿಲ್ಲ, ಬೇಜಾರ್ ಮಾಡ್ಕಬ್ಯಾಡಿ,” ಎಂದು ಸೇರಿಸಿದ.

ಬೇಜಾರೇನಿಲ್ಲ ಎಂದು ಆ ಅಜ್ಞಾತ ಕಲಾವಿದನ ಪರವಾಗಿ ಹೇಳಿದೆ.

ಮನೆಗೆ ಬಂದು ಗಿರಿಜಳಿಗೆ ತೀರ್ಪು ಒಪ್ಪಿಸಿದೆ. ಗೊರಕೆಯನ್ನು ಬಿಟ್ಟು, ತಲೆದೂಗಿದ್ದನ್ನು ಹೇಳಿದೆ. ಅವಳಿಗೆ ಹಿಂದಿನ ಸೀಟಿನ ಮಾತೇ ನಾಟಿತು. “ಟೀಚರ ಕಿವೀಲಿ ಉಳಿದಿರೋದೇ ಅಷ್ಟು. ಹಿಂದಿನ ಸೀಟಲ್ಲಿದ್ರೆ ಅವರಿಗೆ ಕೇಳೋದು ನಿಮ್ಮ ಹಾರ್ಮೋನಿಯಂ ಮಾತ್ರ,” ಎಂದಳು. ಮಾತು ನಿಜವಾಗಿತ್ತು. ಅದು ಎಷ್ಟು ನಿಜವಾಗಲಿದೆ ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮಾಸ್ಟರಿಂಗನ್ನು ನಿಲ್ಲಿಸಿ, ಮಡಚಿದ ಥಾನನ್ನು ಮತ್ತೆ ಬಿಚ್ಚಿ, ಅವಳ ದನಿಯನ್ನು ಬೇರೆ ಮಾಡಿ ಹರಡಿಕೊಂಡೆ. ಮೆಲ್ಲಗೆ ಒಂದಿಷ್ಟು ಜೋರು ಮಾಡಿದ್ದರೆ ಸಾಕಿತ್ತು. ಬೇರೆ ಯಾರಾದರೂ ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಆದರೆ ಪರದೆಯ ಮೂಲೆಯಲ್ಲಿ ಒಂದು ತಿರುಪು ಕಂಡಿತು: ದನಿಯ ಅಗಲ ಹೆಚ್ಚಿಸುವುದು. ಅಗಲ ಎಂದರೆ ನಮ್ಮ ಭಾಷೆಯಲ್ಲಿ ಪನ್ನ. ಜವಳಿ ವ್ಯಾಪಾರಿಗೆ ಪನ್ನಕ್ಕಿಂತ ದೊಡ್ಡ ದೌರ್ಬಲ್ಯ ಇನ್ನೊಂದಿಲ್ಲ. ಗಿರಾಕಿ ಮೊದಲು ಕೇಳುವುದು ಬಣ್ಣ ಹೋಗುತ್ತಾ ಎಂದು, ಎರಡನೆಯದು ಪನ್ನ ಎಷ್ಟು ಎಂದು. ಪನ್ನ ಸಾಲದೆ ಹಾಳಾದ ರವಿಕೆಗಳ ದುಃಖವನ್ನು ನಾನು ಬಾಲ್ಯದಿಂದ ಕೇಳುತ್ತ ಬೆಳೆದವನು. ಪನ್ನ ಹೆಚ್ಚಾಯಿತೆಂದು ಅತ್ತವರನ್ನು ನೋಡಿಲ್ಲ. ತಿರುಪನ್ನು ಕೊನೆಯವರೆಗೂ ತಿರುಗಿಸಿದೆ.

ಹೆಡ್‌ಫೋನಿನಲ್ಲಿ ಕೇಳಿದರೆ ಏನು ಹೇಳಲಿ. ಹಾರ್ಮೋನಿಯಂ ತಬಲ ಎರಡೂ ನಡುವೆ ಚಿಕ್ಕದಾಗಿ ಕೂತಿದ್ದವು. ಗಿರಿಜಳ ದನಿ ಆ ಕಿವಿಯಿಂದ ಈ ಕಿವಿಯವರೆಗೆ, ಕಿವಿಯನ್ನೂ ದಾಟಿ ಕೋಣೆಯ ಗೋಡೆಯವರೆಗೆ ಹರಡಿತ್ತು. ಅವಳನ್ನು ಕರೆದು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಹೆಡ್‌ಫೋನು ತೆಗೆದು, ತಗ್ಗಿದ ದನಿಯಲ್ಲಿ, “ಇಷ್ಟೊಂದು ದೊಡ್ಡದಾ ನನ್ನ ದನಿ?” ಎಂದಳು. ಹೌದು ಎಂದೆ, ಅದನ್ನು ನಾನೇ ಮಾಡಿಸಿಕೊಟ್ಟವನಂತೆ.

ಮತ್ತೊಮ್ಮೆ ಬಸ್ಸಿನಲ್ಲಿ ಕೇಳಬೇಕಾಗಿತ್ತು. ರಾಜಣ್ಣನ ಬಸ್ಸು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿತ್ತು. ಅದಲ್ಲದೆ, ಇಂಥ ಕೆಲಸಕ್ಕೆ ಇನ್ನೊಬ್ಬರ ತೀರ್ಪು ಯಾಕೆ ಎಂದು ನನಗೆ ಅನ್ನಿಸಿತ್ತು.

ಗೌರಿಹಬ್ಬದ ತನಕ ಕಾಯುವುದು ಬೇಡವೆಂದು, ಅಂಗಡಿಯ ರಜೆಯ ದಿನ ಸೀರೆ, ಪೆನ್‌ಡ್ರೈವ್ ಎರಡನ್ನೂ ತೆಗೆದುಕೊಂಡು ಹೊರಟೆವು. ಅರಕಲಗೂಡಿಗೆ ಒಂದು ಬಸ್ಸು, ಅಲ್ಲಿಂದ ರುದ್ರಪಟ್ಟಣಕ್ಕೆ ಇನ್ನೊಂದು. ಸಾವಿತ್ರಮ್ಮ ಟೀಚರು ನಡುಮನೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಕಿವಿ ಇನ್ನೂ ಇತ್ತು. ಹತ್ತಿರ ಹೋಗಿ ಒಂದಿಷ್ಟು ಜೋರಾಗಿ ಮಾತಾಡಬೇಕು, ಅಷ್ಟೆ. ಗಿರಿಜ ನಮಸ್ಕಾರ ಮಾಡಿ, ಟೀಚರು ಕೇಳುವ ಮೊದಲೇ, ಹಾಡಿ ತಂದಿದೀನಿ ಟೀಚರ್ ಎಂದಳು. ಆ ಧೈರ್ಯ ನೋಡಿ ನನಗೇ ಆಶ್ಚರ್ಯವಾಯಿತು. ಟೀಚರ ಸೊಸೆ ಕಾಫಿಯ ಜೊತೆಗೆ, ಅವರು ದಿನಾ ಬೆಳಿಗ್ಗೆ ಸುಪ್ರಭಾತ ಕೇಳುವ ಪೆಟ್ಟಿಗೆಯನ್ನೂ ತಂದಿಟ್ಟರು. ಊಟದ ಡಬ್ಬಿಯಷ್ಟು ದೊಡ್ಡದು. ಮೇಲೊಂದು ಹಿಡಿ, ಮುಂದೊಂದು ಸ್ಪೀಕರು. ಒಂದೇ ಸ್ಪೀಕರು. ಟೀಚರು ಅದನ್ನು ತೊಡೆಯ ಮೇಲಿಟ್ಟು, ಉಳಿದ ಕಿವಿಯನ್ನು ಅದಕ್ಕೆ ತಾಗಿಸಿದರು. ಗಿರಿಜ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಳು.

ತಬಲ ಬಂತು. ಹಾರ್ಮೋನಿಯಂ ಬಂತು. ದನಿ ಬರಬೇಕಾದ ಜಾಗ ಬಂತು. ದನಿ ಬರಲಿಲ್ಲ.

ದೂರದಲ್ಲೆಲ್ಲೋ ಯಾರೋ ಉಸಿರು ಬಿಟ್ಟ ಹಾಗೆ ಒಂದು ಸದ್ದು. ಉಳಿದಂತೆ ತಬಲ, ಹಾರ್ಮೋನಿಯಂ. ಪಲ್ಲವಿ ಮುಗಿಯಿತು, ಅನುಪಲ್ಲವಿ ಮುಗಿಯಿತು, ಇಡೀ ಹಾಡಿನಲ್ಲಿ ಹಾಡುವವಳೇ ಇಲ್ಲ. ಕಾರಣ ನನಗೆ ಅಲ್ಲಿ ಕೂತಲ್ಲೇ ಹೊಳೆಯಿತು. ಆ ಪನ್ನದ ತಿರುಪು ಒಂದೇ ದನಿಯನ್ನು ಎರಡು ಮಾಡಿ, ಎಡಗಿವಿಗೆ ಒಂದನ್ನೂ ಬಲಗಿವಿಗೆ ಅದರ ತಲೆಕೆಳಗನ್ನೂ ಕೊಡುತ್ತದೆ. ಬೇರೆ ಬೇರೆ ಕಿವಿಗೆ ಬಿದ್ದರೆ ಅಗಲವಾಗಿ ಕೇಳುತ್ತದೆ. ಒಂದೇ ಸ್ಪೀಕರಿನಲ್ಲಿ ಎರಡೂ ಸೇರಿದರೆ ಒಂದು ಎಳೆದದ್ದನ್ನು ಇನ್ನೊಂದು ತಳ್ಳಿ, ಎರಡೂ ಸೇರಿ ಸೊನ್ನೆ. ನಡುವೆ ಕೂತಿದ್ದ ನನ್ನ ಹಾರ್ಮೋನಿಯಂಗೆ ಮಾತ್ರ ಕೂದಲೂ ಕೊಂಕಿರಲಿಲ್ಲ.

ಗಿರಿಜ ನನ್ನನ್ನು ನೋಡಿದಳು. ಅದನ್ನು ಇಲ್ಲಿ ವರ್ಣಿಸುವುದಿಲ್ಲ. ಟೀಚರಿಗೆ ಮಾತ್ರ ಏನೂ ತಪ್ಪಿದ ಹಾಗೆ ಕಾಣಲಿಲ್ಲ; ದನಿ ಕೇಳದಿದ್ದುದು ತಮ್ಮ ಕಿವಿಯ ತಪ್ಪೆಂದುಕೊಂಡಿರಬೇಕು. ಹುಬ್ಬು ಗಂಟಿಕ್ಕಿ, ಬೆರಳಲ್ಲಿ ತಾಳ ಹಾಕುತ್ತ, ಕೊನೆಯವರೆಗೂ ಶ್ರದ್ಧೆಯಿಂದ ಕೇಳಿದರು. ಮುಗಿದ ಮೇಲೆ ಪೆಟ್ಟಿಗೆಯಿಂದ ಕಿವಿ ಎತ್ತಿದರು.

“ಹಾರ್ಮೋನಿಯಂ ಯಾರೇ ಇದು?”

“ನಮ್ಮನೆಯವರು ಟೀಚರ್.”

ಟೀಚರು ನನ್ನ ಕಡೆ ತಿರುಗಿದರು. ಸೀರೆ ತರುವ ಮನುಷ್ಯನನ್ನು ಅಷ್ಟು ದಿಟ್ಟಿಸಿ ಅವರು ಹಿಂದೆಂದೂ ನೋಡಿರಲಿಲ್ಲ. “ತಾಳ ಇಲ್ಲವಲ್ಲ ಇವರಿಗೆ. ತಬಲ ಅದರ ಪಾಡಿಗೆ ಹೋಗ್ತಿದೆ, ಇವರು ನಡುನಡುವೆ ಕೂತುಬಿಡ್ತಾರೆ. ಅಂಗಡಿಗೆ ಗಿರಾಕಿ ಬಂದ್ರೇನು?”

ಜೀವಮಾನವಿಡೀ ಹಾಡುವವರ ಮರೆಯಲ್ಲಿ ಕ್ಷೇಮವಾಗಿದ್ದ ನನ್ನ ಹಾರ್ಮೋನಿಯಂ, ನಾನೇ ಕೈಯಾರೆ ಮರೆಯನ್ನು ತೆಗೆದುಹಾಕಿದ್ದರಿಂದ, ಕರ್ನಾಟಕ ಸಂಗೀತದ ಊರಿನ ನಡುಮನೆಯಲ್ಲಿ ಮೈಮೇಲೆ ನೂಲಿಲ್ಲದೆ ನಿಂತಿತ್ತು. ಹೌದು, ತಾಳ ಸ್ವಲ್ಪ ಕಡಿಮೆ ಎಂದು ನಾನು ಒಪ್ಪಿಕೊಳ್ಳುವುದಕ್ಕೆ ಬಾಯಿ ತೆರೆದೆ.

ಗಿರಿಜ ಮನೆಯಲ್ಲಿ ನನ್ನ ಹಾರ್ಮೋನಿಯಂ ಅನ್ನು ಬೈಯದ ದಿನವಿಲ್ಲ. ಅದು ಅವಳ ಹಕ್ಕೆಂದು ತಿಳಿದಿದ್ದಾಳೆ. ಬೇರೆಯವರಿಗೂ ಆ ಹಕ್ಕಿದೆ ಎಂಬುದು ಅವಳಿಗೆ ಹೊಸದು. ಮುಖ ಕೆಂಪಗಾಯಿತು.

“ಅವರು ಸುಮ್ನೆ ಕೂರಲ್ಲ ಟೀಚರ್. ನಾನು ಅಲ್ಲಿ ನಿಲ್ತೀನಿ. ಅವರು ನನಗೋಸ್ಕರ ಕಾಯ್ತಾರೆ.”

“ಎಲ್ಲಿ ನಿಲ್ತೀಯ?”

“ಚರಣದಲ್ಲಿ. ಮೇಲಕ್ಕೆ ಹೋಗೋ ಕಡೆ.”

“ಅಲ್ಲಿ ನಿಲ್ಲೋಕೆ ಏನಿದೆ?”

“ಇದೆ ಟೀಚರ್.”

“ಏನಿದೆ ಅಂತ?”

ಹೇಳುವುದಕ್ಕೆ ಬೇರೆ ದಾರಿ ಇರಲಿಲ್ಲ. ಗಿರಿಜ ಆ ಸಾಲನ್ನು ಹಾಡಿ ತೋರಿಸಿದಳು.

ಹೆಡ್‌ಫೋನಿನಲ್ಲಿ ಕೇಳಿದ ದೊಡ್ಡ ದನಿಯಲ್ಲ ಅದು. ಚಿಕ್ಕದು, ಬಸ್ಸಿನ ಧೂಳಿಗೆ ತುಸು ಒಡೆದದ್ದು, ಜಗಳದ ಬಿಸಿ ಇನ್ನೂ ಆರದೆ ಇದ್ದದ್ದು. ಮೇಲಕ್ಕೆ ಹೋಗುವ ಕಡೆ ನಿಂತಿತು, ನಿಂತು ಆಮೇಲೆ ಇಳಿಯಿತು. ಕೆಮ್ಮು ಬರುವುದನ್ನು ಅವಳೂ ಮರೆತಿದ್ದಳು, ನಾನೂ ಮರೆತಿದ್ದೆ. ಟೀಚರು ತೊಡೆಯ ಮೇಲಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಕಿವಿಗೆ ಅಂಗೈ ಮರೆ ಹಿಡಿದರು.

“ಕೇಳಿಸ್ಲಿಲ್ಲ. ಮೇಲೆ ಬಂದು ಕೂತ್ಕೋ. ಇನ್ನೊಂದ್ಸಲ ಹೇಳು.”

ಗಿರಿಜ ಎದ್ದು ಮಂಚದ ಮೇಲೆ ಅವರ ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಗಿ ಮತ್ತೆ ಹಾಡಿದಳು. ಸಾಲು ಮುಗಿದ ಮೇಲೆ ನಿಲ್ಲಿಸಲಿಲ್ಲ, ಚರಣವನ್ನೇ ಮುಗಿಸಿದಳು. ಟೀಚರ ಕೈ ಅವಳ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಸೊಸೆ ಕಾಫಿಯ ಲೋಟ ತೆಗೆಯಲು ಬಂದವರು ತೆಗೆಯದೆ ನಿಂತರು.

“ನಿಲ್ಲೋದು ಸರಿ,” ಎಂದರು ಟೀಚರು. “ಆದ್ರೆ ನಿಂತು ಸುಮ್ನೆ ಇದ್ದುಬಿಡ್ತೀಯ. ಅಲ್ಲಿ ಗಮಕ ಬರಬೇಕು. ಹೇಳಿಕೊಡೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನ ಮದುವೆ ಗೊತ್ತಾಗೋಯ್ತು.”

ನಾನು ನೆಲ ನೋಡಿದೆ. ಹೆಣ್ಣು ನೋಡಲು ಒಂದು ತಿಂಗಳು ತಡವಾಗಿ ಹೋಗಿದ್ದರೂ ಆಗುತ್ತಿತ್ತು.

ಟೀಚರು ಹಾಡಿ ತೋರಿಸಿದರು. ದನಿ ಎನ್ನುವಷ್ಟು ದನಿ ಉಳಿದಿರಲಿಲ್ಲ, ಬರೀ ಗಾಳಿ. ಆದರೆ ಆ ಗಾಳಿ ಎಲ್ಲಿ ಬಾಗಬೇಕೋ ಅಲ್ಲಿ ಬಾಗುತ್ತಿತ್ತು. ಗಿರಿಜ ಹೇಳಿದಳು. ಅಲ್ಲ ಎಂದರು. ಮತ್ತೆ ಹೇಳಿದಳು. ಅಲ್ಲ ಎಂದರು. ಬಹಳ ಹೊತ್ತಿನ ಮೇಲೆ, ಹ್ಞೂಂ ಎಂದರು. ಆಮೇಲೆ ಎರಡನೆಯ ಹಾಡು ಹೇಳು ಎಂದರು. ಹೊರಡುವಾಗ ನನ್ನನ್ನು ಹತ್ತಿರ ಕರೆದು, “ನಿಮ್ಮ ತಪ್ಪಿಲ್ಲ ಬಿಡಿ. ಆದ್ರೂ ಹಾರ್ಮೋನಿಯಂ ಸ್ವಲ್ಪ ಮೆತ್ತಗಿರಲಿ,” ಎಂದರು.

ಅರಕಲಗೂಡಿನಲ್ಲಿ ನಮ್ಮ ಬಸ್ಸು ತಪ್ಪಿ, ಮುಂದಿನದಕ್ಕೆ ಕಾದು ಬಂದೆವು. ಟೀಚರು ಅಂದು ಕೇಳಿದ್ದು ಮೂರು ಹಾಡು, ಮೂರರಲ್ಲೂ ತಿದ್ದಿದರು. ಉಳಿದ ಮೂರಕ್ಕೆ ಗಿರಿಜ ಮುಂದಿನ ರಜೆಯ ದಿನ ಹೋಗಿ ತಿದ್ದಿಸಿಕೊಂಡು ಬಂದಳು. ಆದ್ದರಿಂದ ನಾವು ಮಾಡಿದ ರೆಕಾರ್ಡಿಂಗಿನಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡುತ್ತಿದ್ದೇವೆ. ಈಗ ಎರಡನೆಯ ಹಾಡು ನಡೆಯುತ್ತಿದೆ.